ಸುಂಕವ್ವನ ಮುಷ್ಟಿ

ಹಿಂದೆ, ನಮ್ಮ ಮುತ್ತಜ್ಜನಿಗೂ ಮುತ್ತಜ್ಜ ಹುಟ್ಟುವ ಮೊದಲು, ಹೊಳೆಯ ದಂಡೆಗೆ ಒಂದು ಊರಿತ್ತು. ಊರು ಈ ದಡದಲ್ಲಿ, ಸಂತೆ ಆ ದಡದಲ್ಲಿ, ನಡುವೆ ತಾಯಿ ಗಂಗಮ್ಮ. ಆ ಊರಲ್ಲಿ ಅಂಬಿಗರ ಸುಂಕವ್ವ ಅಂತ ಒಬ್ಬಳಿದ್ದಳು. ಅವಳನ್ನು ಕಂಡವರು ಈಗ ಉಳಿದಿಲ್ಲ. ಕಂಡವರಿಂದ ಕೇಳಿದವರೂ ಉಳಿದಿಲ್ಲ. ಆದರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ತಾಯಿ ನನ್ನ ನಾಲಿಗೆಯನ್ನು ನೆಟ್ಟಗೆ ನಡೆಸಲಿ.

ಸಿಟ್ಟು ಒಳ್ಳೆಯದಲ್ಲ ಅಂತ ಹಿರಿಯರು ನನಗೆ ಕಲಿಸಿದರು. ನಾನೂ ಮಕ್ಕಳಿಗೆ ಅದನ್ನೇ ಕಲಿಸಿದೆ. ಸುಂಕವ್ವನ ಸಿಟ್ಟಿಗೆ ಮಾತ್ರ ಕೈ ಮುಗಿಯುತ್ತೇನೆ. ದೇವರು ಕೆಲವರ ಎದೆಯಲ್ಲಿ ದೀಪ ಇಡುತ್ತಾನೆ, ಕೆಲವರ ಎದೆಯಲ್ಲಿ ಕೆಂಡ ಇಡುತ್ತಾನೆ. ಎರಡೂ ಅವನ ಬೆಂಕಿಯೇ.

ಅವಳ ಗಂಡ ಹುಲುಗಪ್ಪ ಹರಿಗೋಲು ನಡೆಸುತ್ತಿದ್ದ. ಚರ್ಮ ಹೊದಿಸಿದ ದೊಡ್ಡ ಬುಟ್ಟಿಯಂಥ ದೋಣಿ ಅದು. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಹುಟ್ಟು ಹಾಕುವವನ ತೋಳೇ ಅದರ ದಿಕ್ಕು. ಒಂದು ಮಳೆಗಾಲ ಹೊಳೆ ಕೆಂಪಗೆ ತುಂಬಿ ಬಂತು. ಅದೇ ಹೊತ್ತಿಗೆ ಊರ ಗೌಡನ ಮಗಳ ಮದುವೆ. ಚಪ್ಪರಕ್ಕೆ ಎಲ್ಲ ಬಂದಿತ್ತು, ವೀಳ್ಯದೆಲೆ ಬಂದಿರಲಿಲ್ಲ. ಎಲೆಯ ಪೆಂಡಿಗಳು ಆ ದಡದಲ್ಲಿ ಕೂತಿದ್ದವು. ಇವತ್ತು ಬೇಡ, ನೀರು ಇಳಿಯಲಿ ಅಂದನಂತೆ ಹುಲುಗಪ್ಪ. ಬೀಗರ ಮುಂದೆ ಬರಿಗೈಯಲ್ಲಿ ನಿಲ್ಲಲೇನು ಅಂದನಂತೆ ಗೌಡ. ಆಳುಗಳು ಹುಲುಗಪ್ಪನ ತೋಳು ಹಿಡಿದು ಹರಿಗೋಲಿಗೆ ಹತ್ತಿಸಿದರು. ಹುಟ್ಟನ್ನು ಅವನ ಹಿಂದೆಯೇ ಎಸೆದರು. ದಡದಿಂದ ನೂಕಿದರು. ಊರೆಲ್ಲ ನಿಂತು ನೋಡಿತು. ಮರುದಿನ ಹರಿಗೋಲು ಕೆಳಗಿನ ಊರಿನ ಬಂಡೆಗೆ ಸಿಕ್ಕಿತು, ಹುಲುಗಪ್ಪ ಸಿಗಲಿಲ್ಲ. ಮದುವೆ ನಿಲ್ಲಲಿಲ್ಲ. ಬೀಗರಿಗೆ ಬರೀ ಅಡಿಕೆ ಕೊಟ್ಟರಂತೆ, ಅವರು ಬೇಸರ ಮಾಡಿಕೊಳ್ಳದೆ ಅಗಿದರಂತೆ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಹೊಳೆ ಇಳಿದ ಮೇಲೆ ಗಂಗೆಪೂಜೆ ಮಾಡಿ, ನೀರುಪಾಲಾದವರ ಕಥೆ ಹೇಳಿಸುತ್ತಿದ್ದರು. ಕೂತವರೆಲ್ಲ ಬಲಗೈ ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಕೇಳಬೇಕು. ಕಥೆ ಮುಗಿದ ಮೇಲೆ ಮುಷ್ಟಿ ಬಿಚ್ಚಿ ಕಾಳನ್ನು ಹೊಳೆಗೆ ಬಿಡಬೇಕು. ಒಂದೇ ಒಂದು ಮುಷ್ಟಿ ಮುಚ್ಚಿದ್ದರೂ ಕಥೆ ಮುಗಿದಂತಲ್ಲ, ಎಡೆಯ ಹುಗ್ಗಿಯನ್ನು ಯಾರೂ ಮುಟ್ಟುವಂತಿಲ್ಲ. ಕಥೆ ಹೇಳುವವರು ರುದ್ರಯ್ಯನವರು. ಬೆಲ್ಲದಂಥ ದನಿ ಅವರದು. ವರ್ಷದ ಜೋಳ ಗೌಡನ ಮನೆಯಿಂದ ಬರುತ್ತಿತ್ತು.

ಆ ವರ್ಷ ಗೌಡನೇ ಮುಂದೆ ಕೂತಿದ್ದ. ರುದ್ರಯ್ಯನವರು ಹೇಳಿದರು: ಹುಲುಗಪ್ಪನೆಂಬ ಭಕ್ತನಿದ್ದ. ಹೊಳೆ ತುಂಬಿ ಬಂತು. ತಾಯಿ ಕರೆದಳು. ಭಕ್ತ ಹೋದ. ತಾಯಿಯ ಮಡಿಲು ಸೇರಿ ದೇವರಾದ. ಕೂತವರೆಲ್ಲ ಅತ್ತರು. ಗೌಡ ಎಲ್ಲರಿಗಿಂತ ಹೆಚ್ಚು ಅತ್ತನಂತೆ. ಮುಷ್ಟಿಗಳು ಬಿಚ್ಚಿದವು, ಸುಂಕವ್ವನದು ಬಿಚ್ಚಲಿಲ್ಲ.

ಹುಗ್ಗಿ ಆರುತ್ತಿತ್ತು. ಗಂಡ ದೇವರಾದನಲ್ಲ, ಇನ್ನೇನು ಬೇಕು ನಿನಗೆ ಅಂತ ಹೆಂಗಸರು ತಿವಿದರು. ಅವಳು ಎದ್ದು ನಿಂತಳು. "ಈ ದಡ ಹೇಳಿದ್ರಿ, ಆ ದಡ ಹೇಳಿದ್ರಿ. ನಡುವಿನ ಹೊಳಿ ಎಲ್ಲಿ ಹೋತ್ರೀ ಅಯ್ಯನೋರ?" ಮುಷ್ಟಿ ಬಿಗಿ ಹಿಡಿದುಕೊಂಡೇ ಅವಳು ಮನೆಗೆ ಹೋದಳು. ಹುಗ್ಗಿ ಮೀನಿಗೆ ಹೋಯಿತು.

ಊರಿಗೆ ಸಿಟ್ಟು ಬಂತು. ಗೌಡನ ಮೇಲಲ್ಲ, ಅವಳ ಮೇಲೆ. ನೂಕಿದವನ ಮೇಲೆ ಬಾರದ ಸಿಟ್ಟು ಕೇಳಿದವಳ ಮೇಲೆ ಬಂತು. ಒಲೆಗೆ ಕೆಂಡ ಕೊಡಲಿಲ್ಲ, ಮಜ್ಜಿಗೆ ಕೊಡಲಿಲ್ಲ. ಅವಳು ಕೇಳಲೂ ಇಲ್ಲ. ಗಂಡನ ಹರಿಗೋಲನ್ನು ಎಳೆದು ತಂದು, ಎಡಗೈಯಲ್ಲಿ ಹುಟ್ಟು ಹಿಡಿದು, ಬಲ ಮೊಣಕೈಯಲ್ಲಿ ಒತ್ತಿ, ಸಂತೆಗೆ ಹೋಗುವವರನ್ನು ಹೊಳೆ ದಾಟಿಸತೊಡಗಿದಳು. ಉಣ್ಣುವಾಗಲೂ ಮುಷ್ಟಿ ಬಿಚ್ಚಲಿಲ್ಲ ಅನ್ನುತ್ತಾರೆ. ನಿದ್ದೆಯಲ್ಲೂ ಬಿಚ್ಚಲಿಲ್ಲ ಅನ್ನುತ್ತಾರೆ. ಬೆರಳ ಸಂದಿಯಲ್ಲಿ ಕಾಳು ಮೊಳೆಯಿತು ಅನ್ನುತ್ತಾರೆ. ಆ ಮುಷ್ಟಿಯ ಮೇಲೆ ಬಿದ್ದ ನೀರು ಚುಂಯ್ ಅನ್ನುತ್ತಿತ್ತು ಅಂತಲೂ ಅನ್ನುತ್ತಾರೆ.

ಮರುವರ್ಷ ರುದ್ರಯ್ಯನವರು ಕಥೆಗೆ ಸಿಂಗಾರ ಮಾಡಿದರು. ಗುಡುಗು ಹಾಕಿದರು, ಅಶರೀರವಾಣಿ ಹಾಕಿದರು, ತಾಳೆಮರದಷ್ಟು ಉದ್ದದ ಮೊಸಳೆಯನ್ನೂ ತಂದರು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದವು. ಕೊನೆಗೆ ಸುಂಕವ್ವ ಎದ್ದಳು. "ಮೊಸಳಿ ಪಾಪ, ಅದಕ್ಕ ಎಲಿ ಅಡಿಕಿ ಚಟ ಇರಲಿಲ್ಲರೀ." ಯಾರೋ ಕಿಸಕ್ಕನೆ ನಕ್ಕರು. ಗೌಡ ತಿರುಗಿ ನೋಡಿದ, ನಗು ನಿಂತಿತು. ಮತ್ತೆ ಹುಗ್ಗಿ ಮೀನಿಗೆ.

ಅದರ ಮರುವರ್ಷ ಅವರು ಸಾವಿನಿಂದಲೇ ಶುರು ಮಾಡಿದರು, ಜನ ಬೇಗ ಅಳಲಿ ಅಂತ. ಜನ ಬೇಗ ಅತ್ತರು. ಅತ್ತಾದ ಮೇಲೆ ಹೇಳುವುದಕ್ಕೆ ಏನೂ ಉಳಿಯಲಿಲ್ಲ, ಜನ ಆಕಳಿಸಿದರು. ಸುಂಕವ್ವ ಈ ಸಲ ಮಾತೂ ಆಡಲಿಲ್ಲ. ಮುಷ್ಟಿಯನ್ನು ಎತ್ತಿ ಅವರ ಕಣ್ಣಿಗೆ ಕಾಣುವಂತೆ ಹಿಡಿದಳು, ಹೋದಳು.

ಆಗ ರುದ್ರಯ್ಯನವರಿಗೂ ಸಿಟ್ಟು ಬಂತು. ಹೊಳೆ ದಾಟುವಾಗ ಬಯ್ದೇ ಬಿಡುತ್ತೇನೆ ಅಂತ ದಂಡೆಗೆ ಹೋಗಿ, ಆ ದಡಕ್ಕೆ ದಾಟಿಸು ಅಂದರು. ಅವಳು ಹರಿಗೋಲನ್ನು ದಂಡೆಗುಂಟ ಮೇಲುಹೊಳೆಯ ಕಡೆ ಎಳೆಯತೊಡಗಿದಳು. ಎಳೆದಳು, ಎಳೆದಳು. ಅವರು ಕಲ್ಲಿನ ಮೇಲೆ ಎಡವುತ್ತ ಹಿಂದೆ ನಡೆದರು. ಇಳಿಯುವ ಜಾಗ ಎದುರಿಗೇ ಕಾಣುತ್ತದಲ್ಲ, ಇಷ್ಟು ದೂರ ಯಾಕೆ ಅಂತ ಕೇಳಿದರು.

"ಕಾಣೂದೆಲ್ಲ ಮುಟ್ಟೂದಿಲ್ಲರೀ. ಹೊಳಿ ಎಷ್ಟು ಕೆಳಗ ಎಳೀತೈತಿ, ಅಷ್ಟು ಮ್ಯಾಲಿಂದ ಹೊರಡಬೇಕು."

ನಡುಹೊಳೆಯಲ್ಲಿ ಅವಳು ಹುಟ್ಟನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಹರಿಗೋಲು ತಿರುಗಿತು. ಊರು ಹಿಂದೆ ಹೋಯಿತು, ಮುಂದೆ ಬಂತು, ಮತ್ತೆ ಹಿಂದೆ ಹೋಯಿತು. ರುದ್ರಯ್ಯನವರು ಅಂಚು ಹಿಡಿದುಕೊಂಡು ಕೂಗಿದರು.

"ಆ ದಡ ಮುಟ್ಟಿದ್ವಿ ಅಂತ ಈಗ ಹೇಳ್ರಿ," ಅಂದಳು ಅವಳು. "ಚಂದಾಗಿ ಹೇಳ್ರಿ. ಮುಟ್ಟತೀವೇನು ನೋಡೋಣು."

"ಯವ್ವಾ, ಹುಟ್ಟು ಹಾಕಬೇ. ನಿನ್ನ ಕಾಲು ಬೀಳ್ತೀನಿ."

"ನನ್ನ ಗಂಡನೂ ಹಿಂಗ ಕೂಗಿದ್ದರೀ. ಆ ಕೂಗು ನಿಮ್ಮ ಕಥಿಯಾಗ ಯಾಕಿಲ್ಲ?"

ತಿರುಗುವ ಹರಿಗೋಲಿನಲ್ಲಿ ಸುಳ್ಳು ಹೇಳಲು ಯಾರಿಗೂ ಆಗುವುದಿಲ್ಲ ಅನ್ನುತ್ತಾರೆ. ಗೌಡನ ಜೋಳ ನಿಂತರೆ ಮಕ್ಕಳು ಏನು ತಿನ್ನಬೇಕು ಅಂದುಬಿಟ್ಟರು ಅವರು. ಗೌಡನನ್ನು ಬಯ್ಯಿರಿ ಅಂತ ನಾನೆಲ್ಲಿ ಹೇಳಿದೆ ಅಂದಳಂತೆ ಅವಳು. ಯಾಕೆ ಹೋದ ಅಂತ ಹೇಳದೆ, ಹೋಗಿ ದೇವರಾದ ಅಂತ ಹೇಳಬೇಡಿ. ಅವನಾಗಿ ಹೋಗಲಿಲ್ಲ, ನೂಕಿದರು. ನೂಕಿದ್ದನ್ನು ಬಿಟ್ಟರೆ ತಾಯಿ ಗಂಗಮ್ಮನೇ ಕೊಂದ ಹಾಗಾಗುತ್ತದೆ, ಆ ಪಾಪ ಅವಳ ತಲೆಗೆ ಯಾಕೆ ಕಟ್ಟುತ್ತೀರಿ ಅಂದಳಂತೆ. ಅಷ್ಟು ಹೇಳಿ ಹುಟ್ಟು ಹಾಕಿದಳು.

ರುದ್ರಯ್ಯನವರು ಕಥೆ ಕಲಿತದ್ದು ಅಲ್ಲಿ. ಅಪ್ಪನಿಂದ ದನಿ ಕಲಿತಿದ್ದರು, ತಾಳ ಕಲಿತಿದ್ದರು, ದೇವರ ಹೆಸರುಗಳನ್ನೆಲ್ಲ ಕಲಿತಿದ್ದರು. ಎಲ್ಲಿಂದ ಹೊರಡಬೇಕು ಅನ್ನುವುದನ್ನು ಕಲಿತಿರಲಿಲ್ಲ. ನೀರು ಎಳೆಯಬೇಕು, ಕೇಳುವವನ ಎದೆ ಹೊಯ್ದಾಡಬೇಕು, ಆಮೇಲೆ ದಡ ಬಂದರೆ ಅದು ದಡ. ಹಾಗಲ್ಲದೆ ದಡವನ್ನು ತೋರಿಸಿದರೆ ಅದು ಬರೀ ಬೆರಳು ಮಾಡಿ ತೋರಿಸಿದ್ದು.

ಮುಂದಿನ ಪೂಜೆಯಲ್ಲಿ ಅವರು ಯಾರ ಹೆಸರನ್ನೂ ಎತ್ತಲಿಲ್ಲ. ಎಲ್ಲೋ ಒಂದೂರು, ಅಲ್ಲೊಬ್ಬ ದೊಡ್ಡವನು, ಅವನ ಮಗಳ ಮದುವೆ, ಮದುವೆಗೆ ವೀಳ್ಯದೆಲೆ ಬೇಕು ಅಂತ ಅಲ್ಲಿಂದ ಹೊರಟರು. ಎಲೆಯಷ್ಟು ಸಣ್ಣ ಮಾತು. ಬೇಕಲ್ಲವೇ ಮತ್ತೆ ಅಂತ ಗೌಡನೂ ತಲೆ ಆಡಿಸಿದನಂತೆ. ಆಮೇಲೆ ಕೆಂಪು ನೀರು ಬಂತು. ಇವತ್ತು ಬೇಡ ಅನ್ನುವ ಮಾತು ಬಂತು. ಕೂತವರ ಮುಷ್ಟಿಗಳು ಬಿಗಿಯಾದವು. ಆಳುಗಳು ಬಂದರು, ಹುಟ್ಟು ಎಸೆದರು, ನೂಕಿದರು. "ದಡದಾಗ ಊರೆಲ್ಲ ನಿಂತಿತ್ತು" ಅಂದು ರುದ್ರಯ್ಯನವರು ಸುಮ್ಮನಾದರು. ಈ ಸಲ ಯಾರೂ ಅಳಲಿಲ್ಲ. ಅಳುವುದು ಸುಲಭ ಅಂತ ಅವತ್ತು ಊರಿಗೆ ಗೊತ್ತಾಯಿತು. ಆಮೇಲೆ ಅವರು ಸಾವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು.

ಸುಂಕವ್ವನ ಮುಷ್ಟಿ ತಾನಾಗಿ ಬಿಚ್ಚಿತು. ಮೊಳೆತ ಕಾಳು ಹಸಿರಾಗಿ ನೀರಿಗೆ ಬಿತ್ತು ಅನ್ನುತ್ತಾರೆ. ಅಂಗೈಯಲ್ಲಿ ಉಗುರು ಕೊರೆದ ಗುರುತು ಇತ್ತಂತೆ. ಅವಳು ಅಳಲಿಲ್ಲ, ಕೈ ತೊಳೆದುಕೊಂಡಳು.

ಎಲ್ಲರ ಮುಷ್ಟಿ ಬಿಚ್ಚಿತು, ಗೌಡನದು ಬಿಚ್ಚಲಿಲ್ಲ. ಎಡಗೈಯಿಂದ ಎಳೆದ. ಆಳುಗಳು ಎಳೆದರು, ಅವತ್ತು ನೂಕಿದ ಅದೇ ಆಳುಗಳು. ಆಗಲಿಲ್ಲ. ಹುಗ್ಗಿ ಆರುತ್ತಿತ್ತು. "ಅವಸರ ಮಾಡಬ್ಯಾಡ್ರಿ," ಅಂದಳಂತೆ ಸುಂಕವ್ವ. "ಇಷ್ಟು ವರ್ಷ ನಾ ಹಿಡಕೊಂಡಿದ್ದೆ. ಇನ್ನ ಅವರು ಹಿಡಕೊಳ್ಳಲಿ."

ಆ ಮುಷ್ಟಿಯೊಂದಿಗೇ ಅವನನ್ನು ಮಣ್ಣು ಮಾಡಿದರು ಅನ್ನುವವರಿದ್ದಾರೆ. ಒಂದು ದಿನ ಅವನು ತಾನಾಗಿ ದಂಡೆಗೆ ಬಂದು, ನೂಕಿಸಿದವನು ನಾನು ಅಂತ ಊರ ಮುಂದೆ ಹೇಳಿದ, ಮುಷ್ಟಿ ಬಿಚ್ಚಿತು ಅನ್ನುವವರೂ ಇದ್ದಾರೆ. ತಾಯಿಯ ಕರುಣೆ ದೊಡ್ಡದು, ನಾನು ಎರಡನೆಯದನ್ನು ನಂಬುತ್ತೇನೆ. ನನ್ನ ಅಜ್ಜಿ ಮೊದಲನೆಯದನ್ನು ನಂಬಿದ್ದಳು. ನಾನು ಎರಡನೆಯದನ್ನು ಎತ್ತಿದರೆ ತಟ್ಟೆ ಬಿಟ್ಟು ಏಳುತ್ತಿದ್ದಳು.

ಈಗಲೂ ನಮ್ಮ ಕಡೆ ಗಂಗೆಪೂಜೆಯ ತಾಂಬೂಲದಲ್ಲಿ ಎಲೆ ಇಡುವುದಿಲ್ಲ, ಬರೀ ಅಡಿಕೆ. ಕಥೆ ಹೇಳುವವನು ನಡುವೆ ನಿಲ್ಲಿಸಿ, ಹೊಳೆ ಬಂತೇನ್ರವ್ವಾ ಅಂತ ಹೆಂಗಸರನ್ನು ಕೇಳುತ್ತಾನೆ. ಬಂತು ಅನ್ನುವವರೆಗೆ ಮುಂದೆ ಹೋಗುವ ಹಾಗಿಲ್ಲ. ಇನ್ನೂ ಒಂದಿದೆ. ಮನೆಯಲ್ಲಾಗಲಿ, ಪಂಚಾಯಿತಿ ಕಟ್ಟೆಯಲ್ಲಾಗಲಿ, ಯಾರಾದರೂ ನಡುವನ್ನು ನುಂಗಿ ಕೊನೆಗೆ ಜಿಗಿದರೆ, ನಮ್ಮವರು ಜಗಳ ತೆಗೆಯುವುದಿಲ್ಲ. ಕೇಳುತ್ತ ಕೂತವರಲ್ಲಿ ಒಬ್ಬರು ಬಲಗೈ ಮುಷ್ಟಿ ಎತ್ತಿ ಹಿಡಿಯುತ್ತಾರೆ, ಇಳಿಸುವುದಿಲ್ಲ. ಹೇಳುವವನು ಅದನ್ನು ನೋಡುತ್ತಾನೆ. ಗಂಟಲು ಸರಿ ಮಾಡಿಕೊಳ್ಳುತ್ತಾನೆ. ಹರಿಗೋಲನ್ನು ಮೇಲಕ್ಕೆ ಎಳೆದುಕೊಂಡು ಹೋದ ಹಾಗೆ ಮಾತನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ, ಅಲ್ಲಿಂದ ಮತ್ತೆ ಹೊರಡುತ್ತಾನೆ.