ತುಕೋಜಿ ಇಟ್ಟ ಪಿಂಡ

೧೯೩೬ರ ಜನವರಿ ೧೯ ಎಂದು ತಾರೀಖು ಹಾಕಿ ನನ್ನ ಹಳೆಯ ದಿನಚರಿಯಲ್ಲಿ ಬರೆದಿಟ್ಟುಕೊಂಡ ಕಥೆ ಇದು.

ಕಾವೇರಿಯ ದಂಡೆಯಲ್ಲಿ ವಿಮಲಬೋಧ ಸ್ವಾಮಿಗಳ ಆಶ್ರಮ. ಅಲ್ಲಿಗೆ ಸನ್ಯಾಸ ಬೇಡಿ ಬಂದವನು ತುಕೋಜಿ. ಜರ್ಮನ್ ಯುದ್ಧದ ಕಾಲದಲ್ಲಿ ಮೈಸೂರಿನ ಕುದುರೆ ಪಡೆಯ ಸವಾರನಾಗಿ, ಇಂಗ್ಲಿಷರ ಪರವಾಗಿ ತುರ್ಕರ ಮೇಲೆ ಹೋರಾಡಿ, ಹೈಫಾ ಎಂಬ ಊರನ್ನು ಗೆದ್ದು ಬಂದಿದ್ದ. ಅಂದಿನಿಂದ ಕಣ್ಣು ಮುಚ್ಚಿದರೆ ಸಾಕು, ಒಂದು ಮುಖ ಎದುರು ಬಂದು ನಿಲ್ಲುತ್ತಿತ್ತು.

ಸನ್ಯಾಸ ಹಿಡಿಯುವವನು ಮೊದಲು ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಳ್ಳಬೇಕು. ಹಿರಿಯರಿಗೆಲ್ಲ ಪಿಂಡವಿಟ್ಟು, ತನ್ನ ಹೆಸರಿನದನ್ನು ಕೈಗೆತ್ತಿಕೊಂಡಾಗ ತುಕೋಜಿಯ ಎದೆ ಹಗುರವಾಯಿತು. ಇದೊಂದನ್ನು ಇಟ್ಟರೆ ಸವಾರ ತುಕೋಜಿ ಸತ್ತ ಹಾಗೆ. ಅವನು ಮಾಡಿದ್ದೂ ಅವನ ಜೊತೆಗೇ ಹೋದ ಹಾಗೆ.

"ಏನಯ್ಯಾ, ಮದುವೆ ಗಂಡಿನ ಹಾಗೆ ಮುಖ ಅರಳಿಸಿದ್ದೀಯ?" ಎಂದರು ಗುರುಗಳು.

"ಇನ್ನು ಅವನು ಕಾಣಿಸಿಕೊಳ್ಳುವುದಿಲ್ಲವಲ್ಲ, ಸ್ವಾಮಿ."

"ಯಾರು?"

ತುಕೋಜಿ ತಲೆ ತಗ್ಗಿಸಿದ.

"ಒಬ್ಬ ತುರ್ಕ ಸಿಪಾಯಿ. ಬಂದೂಕು ಬಿಸಾಡಿ ಎರಡೂ ಕೈ ಎತ್ತಿದ್ದ. ನನ್ನ ಕುದುರೆ ನಾಗಾಲೋಟದಲ್ಲಿತ್ತು. ಭರ್ಜಿ ನಿಲ್ಲಲಿಲ್ಲ."

"ನಿಲ್ಲಲಿಲ್ಲವೋ, ನೀನು ನಿಲ್ಲಿಸಲಿಲ್ಲವೋ?"

ತುಕೋಜಿ ಹೊಳೆಯನ್ನೇ ನೋಡುತ್ತ ಹೇಳಿದ:

"ನಿಲ್ಲಿಸಲಿಲ್ಲ."

"ಆ ಪಿಂಡ ಅವನಿಗಿಡು."

"ಅವನು ತುರ್ಕ, ಸ್ವಾಮಿ! ನಮ್ಮ ಪಿಂಡ ಅವನಿಗೆ ಮುಟ್ಟೀತೆ?"

"ನಿನ್ನ ಭರ್ಜಿ ಮುಟ್ಟಿತಲ್ಲ."

"ಅವನ ಹೆಸರೂ ಗೊತ್ತಿಲ್ಲ."

"ಮುಖ ಗೊತ್ತಲ್ಲ. ಇಡು."

ತುಕೋಜಿ ದರ್ಭೆಯ ಮೇಲೆ ಪಿಂಡವಿಟ್ಟ. ಎಳ್ಳುನೀರು ಬಿಟ್ಟ. ಆಮೇಲೆ ಅನ್ನದ ಪಾತ್ರೆಗೆ ಕೈ ಹಾಕಿದ.

"ಈಗ ನನ್ನದೊಂದು ಕಟ್ಟಿಕೊಳ್ಳಲೇ?"

ಗುರುಗಳು ಪಾತ್ರೆಯನ್ನು ಎಳೆದುಕೊಂಡು, ಉಳಿದ ಅನ್ನವನ್ನೆಲ್ಲ ಹೊಳೆಯ ಮೀನುಗಳಿಗೆ ಸುರಿದುಬಿಟ್ಟರು.

"ಅವನು ಕೈ ಎತ್ತಿದ್ದನ್ನು ಕಂಡವರು ಬೇರೆ ಯಾರಿದ್ದಾರೆ?"

"ಯಾರೂ ಇಲ್ಲ, ಸ್ವಾಮಿ. ನಾನೊಬ್ಬನೇ."

"ಹಾಗಾದರೆ ಇರುವ ಒಬ್ಬನೇ ಸಾಕ್ಷಿ ಸತ್ತ ಎಂದು ಹೇಗೆ ಪಿಂಡ ಇಡಿಸಲಿ?"

ತುಕೋಜಿ ಅವರ ಕಾಲು ಹಿಡಿದು ಅತ್ತ. "ಸನ್ಯಾಸ ಕೊಡಿ, ಸ್ವಾಮಿ. ಈ ತುಕೋಜಿಯನ್ನು ಹೊತ್ತು ತಿರುಗಲು ನನ್ನಿಂದ ಆಗುವುದಿಲ್ಲ."

ಗುರುಗಳು ಅವನ ತೋಳು ಹಿಡಿದು ಎಬ್ಬಿಸಿದರು. ಅವರ ಕಣ್ಣೂ ಒದ್ದೆಯಾಗಿತ್ತು.

"ಗೆದ್ದ ಊರು ಇಂಗ್ಲಿಷರದಾಯಿತು. ಆ ತುರ್ಕನ ಜೀವ ಹೋಯಿತು. ನಿನಗೆ ಸನ್ಯಾಸ ಹೋಯಿತು. ಬಿಸಿಲೇರುತ್ತಿದೆ, ಮನೆಗೆ ಹೋಗಪ್ಪಾ."