ನಡುಗುವ ಕೈಯ ನವಿಲು

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಹೆಸರು ಕೇಳಿದರೆ ದೊಡ್ಡದು, ನೋಡಿದರೆ ಅಂಗೈಯಗಲ, ಅಂಥದೊಂದು ರಾಜ್ಯವಿತ್ತು. ಅಲ್ಲಿ ಹೊನ್ನೂರವ್ವ ಅನ್ನುವ ಮುದುಕಿ ತೊಗಲುಗೊಂಬೆ ಆಡಿಸಿಕೊಂಡು ಬದುಕಿದ್ದಳು. ಬಿಳಿ ಪರದೆ ಕಟ್ಟಿ, ಹಿಂದೆ ದೀಪ ಹಚ್ಚಿ, ಗೊಂಬೆ ಹಿಡಿದಳೆಂದರೆ ಅಳುವ ಕೂಸೂ ಬಾಯಿ ಮುಚ್ಚುತ್ತಿತ್ತು.

ಒಂದು ಚಳಿಗಾಲ ಅವಳ ಬಲಗೈ ನಡುಗತೊಡಗಿತು. ಎಣ್ಣೆ ತಿಕ್ಕಿದಳು, ನಿಲ್ಲಲಿಲ್ಲ. ಬಟ್ಟೆ ಸುತ್ತಿ ಬಿಗಿದಳು, ನಿಲ್ಲಲಿಲ್ಲ. ಬಾಯಿಗೆ ಬಂದಂತೆ ಬೈದಳು, ಊಹೂಂ. "ನನ್ನ ಅನ್ನಕ್ಕೇ ಕಲ್ಲು ಬಿತ್ತಲ್ಲಪ್ಪಾ" ಎಂದು ಮೂಲೆ ಹಿಡಿದು ಅತ್ತಳು.

ಹೊಟ್ಟೆ ಕೇಳಬೇಕಲ್ಲ. ಹೇಗಾದರಾಗಲಿ ಎಂದು ಒಂದು ಸಂಜೆ ಜಿಂಕೆಯ ಗೊಂಬೆ ಎತ್ತಿದಳು. ಪರದೆಯ ಮೇಲೆ ಜಿಂಕೆ ಗಡಗಡ ನಡುಗಿತು. ಮುಂದೆ ಕೂತ ಮಕ್ಕಳು, "ಅಯ್ಯೋ, ಹುಲಿ ಬಂತು! ಓಡೇ, ಓಡೇ!" ಎಂದು ಕಿರುಚಿದವು. ಹುಲಿಯನ್ನು ಅವಳಿನ್ನೂ ಚೀಲದಿಂದ ತೆಗೆದೇ ಇರಲಿಲ್ಲ!

ಅವತ್ತೇ ಅವಳು ಕೈಯ ಜೊತೆ ಜಗಳ ಬಿಟ್ಟಳು. "ನಡುಗ್ತೀಯಾ? ನಡುಗು. ನಿನಗೆ ಒಪ್ಪೋ ಗೊಂಬೆ ನಾನು ಮಾಡ್ತೀನಿ" ಅಂದಳು.

ಇತ್ತ ಅರಮನೆಯಲ್ಲಿ ರಾಜ ಸಿಡಿಲರಾಯನ ಕೈಯೂ ನಡುಗತೊಡಗಿತ್ತು. ಸಿಡಿಲರಾಯ ಅನ್ನೋ ಹೆಸರು ಅವನೇ ಇಟ್ಟುಕೊಂಡದ್ದು. ಸಿಡಿಲು ಹೊಡೆದರೆ ಮಂಚದ ಕೆಳಗೆ ಸೇರುತ್ತಿದ್ದ, ಆ ಮಾತು ಬೇರೆ. ವಯಸ್ಸಾಯಿತು, ಕೈ ನಡುಗಿತು, ಅದರಲ್ಲೇನಿದೆ? ಮಹಾಶಯನಿಗೆ ಮಾತ್ರ ಮಹಾ ಅವಮಾನ. ಉರಿಬಿಸಿಲಲ್ಲೂ ಶಾಲು ಹೊದ್ದು, ಕೈ ಒಳಗಿಟ್ಟುಕೊಂಡು, ಬೆವರು ಸುರಿಸುತ್ತಾ ಸಿಂಹಾಸನದಲ್ಲಿ ಕೂತ.

ಅವನ ಮಂತ್ರಿ ದುಗ್ಗರಸ. ರಾಜ ಆಕಳಿಸಿದರೂ "ಆಹಾ, ಎಂಥ ಗಾಂಭೀರ್ಯ!" ಅನ್ನುವ ಗಿರಾಕಿ. ಅವನು ಕಿವಿಯಲ್ಲಿ ಊದಿದ: "ಪ್ರಭು, ನಡುಗೋದು ಕಣ್ಣಿಗೆ ಬಿದ್ದರೆ ತಾನೇ ಬೇಸರ? ರಾಜ್ಯದಲ್ಲಿ ನಡುಕವೇ ಇರಕೂಡದು ಅಂತ ಅಪ್ಪಣೆಯಾಗಲಿ."

ಅಪ್ಪಣೆಯಾಯಿತು. ಮೊದಲು ಅರಳಿಮರಗಳನ್ನು ಕಡಿಸಿದರು, ಎಲೆ ನಡುಗುತ್ತದೆಂದು. ಆಮೇಲೆ ಎಳೆಗರುಗಳನ್ನು ಕತ್ತಲೆ ಕೋಣೆಗೆ ದೂಡಿಸಿದರು, ಕಾಲು ನಡುಗುತ್ತದೆಂದು. ಕೊನೆಗೆ, ಮೈಕೈ ನಡುಗುವವರೆಲ್ಲ ಗಡಿ ದಾಟಬೇಕು ಎಂದು ಡಂಗುರ ಹೊಡೆಸಿದರು. ಹೋಗುವವರ ಮನೆ, ಹೊಲ ಎಲ್ಲ ಮಂತ್ರಿಗೆ ಸೇರಬೇಕಂತೆ. ಎಂಥ ಆಳ್ವಿಕೆ ನೋಡಿ!

ಹೊನ್ನೂರವ್ವನನ್ನೂ ರಾಜಸಭೆಗೆ ಎಳೆತಂದರು. ಅರಮನೆಯ ಬಾಗಿಲಲ್ಲಿ ಮುದುಕರು ಗಂಟುಮೂಟೆ ಹೊತ್ತು ನಿಂತಿದ್ದರು.

"ಕೈ ತೋರಿಸು ಮುದುಕಿ" ಅಂದ ದುಗ್ಗರಸ. ತೋರಿಸಿದಳು. "ನಡುಗ್ತಾ ಇದೆ!"

"ಹೌದು ಬುದ್ಧಿ, ಅದು ಅದರ ಕೆಲಸ. ಗೊಂಬೆ ಆಡಿಸೋದು ನನ್ನ ಕೆಲಸ. ಒಂದಾಟ ಆಡಿಸಿ ಹೊರಡ್ತೀನಿ."

ರಾಜನಿಗೂ ಹೊತ್ತು ಹೋಗುತ್ತಿರಲಿಲ್ಲ, ಹೂಂ ಅಂದ. ಬಾಗಿಲು ಮುಚ್ಚಿ, ಪರದೆ ಕಟ್ಟಿ, ದೀಪ ಹಚ್ಚಿದರು. ಪರದೆಯ ಹಿಂದೆ ಕೂತ ಹೊನ್ನೂರವ್ವನಿಗೆ ಭಯಕ್ಕೆ ಕೈ ಇನ್ನೂ ಜೋರಾಗಿ ನಡುಗಿತು. ಇವತ್ತೊಂದು ದಿನ ನಿಲ್ಲಬಾರದಾ ಅನ್ನಿಸಿತು. ಮರುಗಳಿಗೆ ತನ್ನ ಆಸೆಗೆ ತಾನೇ ನಕ್ಕು, ನವಿಲಿನ ಗೊಂಬೆ ಎತ್ತಿದಳು.

ಗರಿ ಬಿಚ್ಚಿತು ನವಿಲು. ಒಂದೊಂದು ಗರಿಯೂ ಥರಥರ ಕಂಪಿಸಿತು, ಮೋಡ ಕಂಡ ನವಿಲಿನ ಹಾಗೆಯೇ. ಸಭೆಗೆ ಸಭೆಯೇ "ಭಲೇ!" ಅಂದಿತು.

ದುಗ್ಗರಸನಿಗೆ ಹೊಟ್ಟೆ ಉರಿಯಿತು. "ಇದೇನು ಮಹಾ! ಗಟ್ಟಿ ಕೈಯಲ್ಲಿ ಇನ್ನೂ ಚೆನ್ನಾಗಿ ಕುಣಿಯುತ್ತೆ" ಎಂದು ಗೊಂಬೆ ಕಿತ್ತುಕೊಂಡ. ಎತ್ತಿದ, ಇಳಿಸಿದ, ಒದರಿದ. ಒಣಗಲು ಹಾಕಿದ ಚಾಪೆಯಂತೆ ನೇತಾಡಿತೇ ಹೊರತು ನವಿಲಾಗಲಿಲ್ಲ.

ರಾಜ ಬಿದ್ದು ಬಿದ್ದು ನಕ್ಕ. ನಗುವಾಗ ಶಾಲು ಜಾರಿತು. ಕೈ ಹೊರಬಂತು, ಗಡಗಡ ನಡುಗುತ್ತಾ.

"ಆ ಕೈ ಇತ್ತ ಕೊಡಿ ದೊರೆ" ಅಂದಳು ಹೊನ್ನೂರವ್ವ. ನವಿಲಿನ ಕಡ್ಡಿ ಹಿಡಿಸಿದಳು. ಪರದೆಯ ಮೇಲೆ ಗರಿಗಳು ಥರಥರ ಅಂದವು. ಇಷ್ಟು ದಿನ ಬಚ್ಚಿಟ್ಟ ತನ್ನ ಕೈಯನ್ನು ರಾಜ ಬಾಯಿಬಿಟ್ಟುಕೊಂಡು ನೋಡಿದ.

ಆಮೇಲೆ ಮೆಲ್ಲಗೆ ತಿರುಗಿದ. "ದುಗ್ಗರಸ, ನೀನು ಹೇಳಿದ ಹಾಗಾದರೆ ನಾನೂ ಗಡಿ ದಾಟಬೇಕಲ್ಲವೋ?"

ಮಂತ್ರಿಯ ಕಾಲು ಗಡಗಡ, ಕೈ ಗಡಗಡ, ಮೀಸೆಯೂ ಗಡಗಡ.

"ಅಯ್ಯೋ ದೊರೆ, ಇವರೂ ನಡುಗ್ತಿದ್ದಾರೆ ನೋಡಿ!" ಅಂದಳು ಹೊನ್ನೂರವ್ವ. "ನಾವಿಬ್ಬರು ನವಿಲನ್ನಾದರೂ ಕುಣಿಸ್ತೀವಿ. ಇವರು ನಡುಗಿ ಏನು ಕುಣಿಸ್ತಾರೆ, ಕೇಳಿ."

ಸಭೆ ಗೊಳ್ಳೆಂದು ನಕ್ಕಿತು. ಆ ಕಾನೂನಿನಲ್ಲಿ ಗಡಿ ದಾಟಿದವನು ದುಗ್ಗರಸನೊಬ್ಬನೇ. ಅವನನ್ನು ದಾಟಿಸಿ ಕಾನೂನನ್ನು ರದ್ದು ಮಾಡಿದರು. ಮುದುಕರು ಗಂಟು ಹೊತ್ತುಕೊಂಡು ತಮ್ಮ ತಮ್ಮ ಮನೆಗೆ ಹೋದರು.

ರಾಜನ ಕೈ ಸಾಯುವ ತನಕ ನಡುಗಿತು. ಗೊಂಬೆ ಆಡಿಸುವುದನ್ನು ಕಲಿತ, ಕೆಟ್ಟದಾಗಿ. ಅವನ ಮೀನು ಕಪ್ಪೆಯಂತೆ ಕಾಣುತ್ತಿತ್ತು. ಹೊನ್ನೂರವ್ವ ಮುಲಾಜಿಲ್ಲದೆ ಬೈಯುತ್ತಿದ್ದಳು, ಅವನು ಬೈಸಿಕೊಂಡು ಮತ್ತೆ ಆಡಿಸುತ್ತಿದ್ದ.

ತಿಳೀತಾ ಮಕ್ಕಳೇ? ಕೈ ನಡುಗೋದನ್ನು ನಿಲ್ಲಿಸೋದು ನಮ್ಮ ಕೈಯಲ್ಲಿಲ್ಲ. ಆ ಕೈಯಲ್ಲಿ ಏನು ಹಿಡೀಬೇಕು ಅನ್ನೋದು ಮಾತ್ರ ನಮ್ಮ ಕೈಯಲ್ಲಿದೆ.