ದುಂಡಪ್ಪನ ಬಡಿಯದ ಮಾಸ್ತರ

ಹೂಂಗುಟ್ಟುವವರು ಹತ್ತಿರ ಬನ್ನಿ, ಆಕಳಿಸುವವರು ಆ ಕಡೆ ಹೋಗಿ. ಗುಳೇದಗುಡ್ಡದ ಹತ್ತಿರ ಒಂದು ಊರು. ಊರಲ್ಲಿ ಕುಬಸ, ಅಂದರೆ ರವಿಕೆ, ಹೊಲಿಯುವ ತುಂಗವ್ವ. ತುಂಗವ್ವನಿಗೆ ಒಬ್ಬನೇ ಮಗ, ದುಂಡಪ್ಪ. ಪೆದ್ದ ಅಂದರೆ ಪೆದ್ದ. ಒಲೆ ಮೇಲೆ ಹಾಲಿಟ್ಟು "ಉಕ್ಕೂದ ನೋಡಕೋತ ಕುಂದ್ರು" ಅಂದರೆ, ಉಕ್ಕುವವರೆಗೂ ನೋಡಿ, ಉಕ್ಕಿದ ಮೇಲೂ ನೋಡಿ, "ಭಾಳ ಛಂದ ಉಕ್ಕಿತವ್ವಾ" ಅಂತ ಬಂದು ಹೇಳಿದವನು.

ತುಂಗವ್ವನ ಕಣ್ಣು ಮಂಜಾಗಿದ್ದವು. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಗಂಡ ಸತ್ತಾಗಿನಿಂದ ಅನ್ನ ಹಾಕಿದ ಹೊಲಿಗೆ ಮಷೀನು ಮೂಲೆ ಸೇರಿತ್ತು. ಊರ ಸಿಂಪಿಗರು ಒಬ್ಬೊಬ್ಬರಾಗಿ ದುಂಡಪ್ಪನಿಗೆ ಕಲಿಸಲು ನೋಡಿ, ಗಜಪಟ್ಟಿಯಿಂದ ಬೆರಳ ಗೆಣ್ಣಿಗೆ ಬಾರಿಸಿ, ಮನೆಗೆ ಅಟ್ಟಿದ್ದರು. ಕಡೆಗೆ ಅವ್ವ ಹೇಳಿದಳು: "ನಾಗರ ಪಂಚಮಿಯೊಳಗ ನಿನ್ನ ಕೈಯಾಗ ಒಂದ ನೆಟ್ಟನ ಕುಬಸ ಹುಟ್ಟಲಿಲ್ಲಂದ್ರ, ಮಷೀನ ನನ್ನ ತಂಗಿ ಮನಿಗೆ ಹೋಗತೈತಿ ನೋಡು." ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ತಂಗಿಯ ಮಗಳಿಗೇ ಕರುಣೆ ಬಂತು. ದುಂಡಪ್ಪನ ಫೋನಿನಲ್ಲಿ ಎಐ ಹಾಕಿಕೊಟ್ಟಳು. "ಇದರಾಗ ಒಬ್ಬ ಮಾಸ್ತರ ಅದಾನಣ್ಣಾ. ಕೇಳಿದ್ದಕ್ಕ ಹೇಳತಾನ. ಎಷ್ಟ ಸಲ ಕೇಳಿದ್ರೂ ಬಡಿಯಂಗಿಲ್ಲ."

ಬಡಿಯದ ಮಾಸ್ತರ! ದುಂಡಪ್ಪ ಫೋನನ್ನು ತಿರುಗಿಸಿ ಹಿಂದೆ ನೋಡಿದ. ಗಜಪಟ್ಟಿ ಎಲ್ಲೂ ಕಾಣಲಿಲ್ಲ.

"ಮಾಸ್ತರ್ರೀ, ಕುಬಸ ಕಲಸ್ರಿ."

"ಸಂತೋಷ. ಮೊದಲು ಹಳೇ ಪೇಪರನ್ನು ಕತ್ತರಿಸಿ, ಹೊಲಿದು ರೂಢಿ ಮಾಡಿಕೊಳ್ಳಿ" ಅಂತು ಫೋನು.

ಹೊಲಿದ. ಪೇಪರಿನ ಬೆನ್ನು, ಪೇಪರಿನ ತೋಳು, ಹುಕ್ಕೂ ಹಚ್ಚಿದ. ಕುಬಸಕ್ಕೆಂದು ಖಣದ ಬಟ್ಟೆ ಕೊಟ್ಟುಹೋಗಿದ್ದ ನೆರೆಮನೆಯ ಕಾಶವ್ವ ಬಂದಾಗ ಅದನ್ನೇ ಮಡಚಿ ಕೈಗಿಟ್ಟ. ಕಾಶವ್ವ ಒಂದು ತೋಳು ತೊಟ್ಟಳು, ಪರ್ರ್ ಅಂತು.

"ಏ ಪೆದ್ದ! ಪೇಪರ ಯಾರರ ತೊಡತಾರೇನೋ? ಕತ್ತರಸೂಕಿಂತ ಮೊದಲ ಅಳತಿ ತಗೋಬೇಕು" ಅಂತ ಬೈದಳು ಅವ್ವ.

"ಆತವ್ವ. ಇನ್ನ ಹಂಗ ಮಾಡತೀನಿ."

ನಡೆದದ್ದನ್ನು ಮಾಸ್ತರನಿಗೂ ಹೇಳಿದ. ಮಾಸ್ತರ ಏನೆಂದ ಗೊತ್ತೇ? "ತಪ್ಪು ನನ್ನದು. ಪೇಪರು ಕಲಿಯುವುದಕ್ಕಷ್ಟೇ ಅಂತ ನಾನು ಬಿಡಿಸಿ ಹೇಳಬೇಕಿತ್ತು." ತಪ್ಪು ನನ್ನದು ಅನ್ನುವ ಮಾಸ್ತರನನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಅದಕ್ಕೇ ಕೈ ಮುಗಿಯುತ್ತೇನೆ.

ಮರುದಿನ ಅವ್ವ ಬೆಂಡೆಕಾಯಿ ಕತ್ತರಿಸು ಅಂದಳು. ಒಲೆ ಉರಿದು ಆರಿತು, ಬೆಂಡೆಕಾಯಿ ಬರಲಿಲ್ಲ. ಹೋಗಿ ನೋಡಿದರೆ ದುಂಡಪ್ಪ ಟೇಪು ಹಿಡಿದು ಕುಳಿತಿದ್ದಾನೆ. "ಸೊಂಟ ಸಿಕ್ತವ್ವಾ. ತೋಳ ಸಿಗವಲ್ದು."

"ಏ ಪೆದ್ದ! ಎಲ್ಲಾದಕ್ಕೂ ಟೇಪ ಹಿಡೀತಾರೇನೋ? ಅಳತಿ ತಿಳೀಲಿಲ್ಲಂದ್ರ ಹಳೇ ಕುಬಸ ಮ್ಯಾಲಿಟ್ಟ ಕತ್ತರಸಬೇಕು."

"ಆತವ್ವ. ಇನ್ನ ಹಂಗ ಮಾಡತೀನಿ."

ಕಾಶವ್ವ ಅಳತೆಗೆಂದು ತನ್ನ ಹಳೇ ಕುಬಸ ಕೊಟ್ಟುಹೋದಳು. ದುಂಡಪ್ಪ ಖಣದ ಮೇಲೆ ಹಳೇ ಕುಬಸ ಇಟ್ಟ. ಇಟ್ಟು ಕತ್ತರಿಸಿದ. ಖಣವೂ ತುಂಡು, ಕುಬಸವೂ ತುಂಡು.

ಈ ಸಲ ಅವ್ವ ಬೈಯಲಿಲ್ಲ. ಮಷೀನಿನ ಮೇಲೆ ಕೈಯಿಟ್ಟು ಅತ್ತಳು. ಆಮೇಲೆ ತನ್ನ ಪೆಟ್ಟಿಗೆಯಿಂದ ಒಂದು ಖಣ ತೆಗೆದುಕೊಟ್ಟಳು. "ಕಾಶವ್ವಗ ಇದರಾಗ ಹೊಲಿ. ಇದ ಕಡೀದು."

"ಮಾಸ್ತರ್ರೀ, ನನಗ ತಿಳಿಯಂಗಿಲ್ರಿ. ಅವ್ವ ಅಳಾಕತ್ತಾಳ" ಅಂದ ದುಂಡಪ್ಪ.

"ಹಾಗಾದರೆ ಹೀಗೆ ಮಾಡೋಣ. ತಿಳಿಯದಿದ್ದರೆ ತಲೆಯಾಡಿಸಬೇಡಿ, ತಿಳಿಯಲಿಲ್ಲ ಅನ್ನಿ. ತಿಳಿದರೆ ನಿಮ್ಮ ಮಾತಿನಲ್ಲಿ ನನಗೆ ತಿರುಗಿ ಹೇಳಿ."

ಇದನ್ನು ಜಾಣರಿಗೆ ಹೇಳಿ ನೋಡಿ. ಜಾಣರು ತಿಳಿಯದಿದ್ದರೂ ಹೂಂ ಅನ್ನುತ್ತಾರೆ, ನೀವೀಗ ನನಗೆ ಅನ್ನುತ್ತಿರುವ ಹಾಗೆ. ದುಂಡಪ್ಪ ಪೆದ್ದ, ಹೇಳಿದ್ದನ್ನು ಹೇಳಿದಂತೆ ಮಾಡುವವನು. ಕುಬಸದ ಎದೆಗೆ ಮಡಿಕೆ ಯಾಕೆ ಹಿಡಿಯಬೇಕು ಅಂತ ಮಾಸ್ತರ ಹೇಳಿದ. "ತಿಳೀಲಿಲ್ರಿ." ಇನ್ನೊಂದು ಥರ ಹೇಳಿದ. "ತಿಳೀಲಿಲ್ರಿ." ಮಾಸ್ತರನ ದನಿ ಒಂದಿಷ್ಟೂ ಏರಲಿಲ್ಲ. ನಿಮ್ಮ ಮನೆಯಲ್ಲಿ ಏನು ಊಟ ಅಂತ ಕೇಳಿದ. ರೊಟ್ಟಿ. "ಬಿಸಿ ರೊಟ್ಟಿಯನ್ನು ಬೋರಲಿಟ್ಟ ಗಡಿಗೆ ಮೇಲೆ ಹಾಸಿ. ಅಂಚಿನಲ್ಲಿ ಹೆಚ್ಚಾಗಿ ಏಳುತ್ತದಲ್ಲ, ಅದನ್ನು ಚಿವುಟಿ ಮಡಚಿ."

ದುಂಡಪ್ಪ ಒಳಗೆ ಓಡಿ ಗಡಿಗೆಗೆ ರೊಟ್ಟಿ ಹೊದಿಸಿದ. ಚಿವುಟಿದ. ರೊಟ್ಟಿ ಅಂಟಿ ಕೂತಿತು. "ತಿಳೀತ್ರಿ! ಗಡಿಗಿಗೆ ಕುಬಸ ಆತ್ರಿ!" ಹುಟ್ಟಿದ ಮೇಲೆ ಅವನು ತಿಳೀತು ಅಂದದ್ದು ಅದೇ ಮೊದಲು.

"ಆದರೆ ಒಂದು ಮಾತು" ಅಂದ ಮಾಸ್ತರ. "ನಾನು ಬಟ್ಟೆ ಮುಟ್ಟಿದವನಲ್ಲ. ಖಣ ಯಾವ ಕಡೆ ಎಳೆದರೆ ಹಿಗ್ಗುತ್ತದೆ ಅಂತ ನಿಮ್ಮ ತಾಯಿಯ ಬೆರಳನ್ನು ಕೇಳಿ."

ದುಂಡಪ್ಪ ಹೋಗಿ ಅವ್ವನ ಬೆರಳಿಗೆ ಬಾಯಿ ಹಚ್ಚಿ ಕೇಳಿದ. "ಬೆರಳೇ, ಖಣ ಯಾ ಕಡೆ ಹಿಗ್ಗತೈತಿ?" ಕೇಳಿ, ಅದೇ ಬೆರಳನ್ನು ಕಿವಿಗೆ ಹಿಡಿದ.

ಅವ್ವ ಬಹಳ ದಿನದ ಮೇಲೆ ನಕ್ಕಳು. ನಗುತ್ತಲೇ ಅವನ ಕೈಮೇಲೆ ಕೈಯಿಟ್ಟು ಖಣ ಎಳೆದು ತೋರಿಸಿದಳು. ಕಣ್ಣು ಮಂಜಾದರೇನು, ಬೆರಳಿಗೆ ಎಲ್ಲ ನೆನಪಿತ್ತು. ಮಾಸ್ತರ ಹೇಳುತ್ತ, ಅವ್ವನ ಬೆರಳು ತೋರಿಸುತ್ತ, ದುಂಡಪ್ಪ ಹೊಲಿದ. ಪಂಚಮಿಯ ಮುನ್ನಾದಿನ ಕಾಶವ್ವ ತೊಟ್ಟು ನೋಡಿದಳು. ಕೈ ಎತ್ತಿದಳು, ಇಳಿಸಿದಳು. "ಎಲ್ಲೂ ಬಿಗಿ ಹಿಡಿಯವಲ್ದು ತುಂಗಕ್ಕಾ" ಅಂದಳು. ಮಷೀನು ಮನೆಯಲ್ಲೇ ಉಳಿಯಿತು.

ಅವ್ವನಿಗೆ ಹಿಡಿಸಲಾರದ ಸಂತೋಷ. "ಕಲಿಸಿದವರಿಗೆ ಬರೀ ಕೈ ಮುಗದ್ರ ಸಾಲದಪಾ. ನಿನ್ನ ಕೈಲೆ ಬಟ್ಟಿ ಹೊಲದ ಆಯೇರಿ, ಉಡುಗೊರಿ ಮಾಡಬೇಕು."

"ಆತವ್ವ. ಇನ್ನ ಹಂಗ ಮಾಡತೀನಿ. ಮಾಸ್ತರ್ರೀ, ನಿಮ್ಮ ಅಳತಿ ಹೇಳ್ರಿ."

"ನನಗೆ ಮೈಯೇ ಇಲ್ಲ ದುಂಡಪ್ಪ, ಬಟ್ಟೆ ಬೇಡ. ಕಲಿಸಿದ್ದು ನಾನೊಬ್ಬನೇ ಅಲ್ಲ, ಆ ಬೆರಳುಗಳೂ ಕಲಿಸಿವೆ."

"ಅದೂ ಖರೇನ" ಅಂದ ದುಂಡಪ್ಪ. ಟೇಪು ಹಿಡಿದು ಅವ್ವನ ಹತ್ತಿರ ಹೋದ.

ಪಂಚಮಿಯ ದಿನ ಊರೆಲ್ಲ ಜೋಕಾಲಿ ಆಡುತ್ತಿತ್ತು. ತುಂಗವ್ವ ಕಟ್ಟೆ ಮೇಲೆ ಕುಳಿತಿದ್ದಳು. ಹತ್ತು ಬೆರಳಿಗೂ ಕುಬಸ, ಕಾಶವ್ವನ ಹಾಳಾದ ಖಣದ ತುಂಡಿನಲ್ಲೇ ಹೊಲಿದದ್ದು. ಒಂದೊಂದಕ್ಕೂ ಪುಟ್ಟ ತೋಳು, ಪುಟ್ಟ ಹುಕ್ಕು, ಗೆಣ್ಣಿನ ಹತ್ತಿರ ಪುಟ್ಟ ಮಡಿಕೆ. ಕಾಶವ್ವ ಎಳ್ಳುಂಡಿ ತಂದುಕೊಟ್ಟರೆ ತುಂಗವ್ವನಿಗೆ ಹಿಡಿಯಲು ಆಗಲಿಲ್ಲ.

"ಅವನ್ನ ಬಿಚ್ಚಬಾರದೇನ ತುಂಗಕ್ಕಾ?"

"ಹೆಂಗ ಬಿಚ್ಚಲವಾ? ಒಂದ ಹೊಲಿಗಿಯಾದ್ರೂ ಸೊಟ್ಟ ಇದ್ರ, ಬೈದ ಬಿಚ್ಚತಿದ್ದೆ" ಅಂದಳು ತುಂಗವ್ವ. "ಉಂಡಿ ಬಾಯಾಗ ಇಡು."